ನಾಲ್ಕು ಪೆನ್ನಿನ ಸ್ಪ್ರಿಂಗು, ಒಂದು ಮಿಲಿಮೀಟರು: ಅಂಗೈಯಗಲದ ರೇಸ್ ಕಾರಿಗೆ ಚಾಸಿಸ್ ಕಟ್ಟಿದ ಕಥೆ

ಹೋದ ಭಾನುವಾರ ಮಧ್ಯಾಹ್ನ ನಮ್ಮ ಕಾರಿನ ಮೇಲೆ ಒಂದು ಪುಟ್ಟ ಹಸಿರು ಸ್ಟಿಕ್ಕರ್ ಬಿತ್ತು. ರೇಸಿಗೆ ಮುಂಚಿನ ತಪಾಸಣೆ ಪಾಸ್. ಕಾರು ಅಂದರೆ ಅಂಗೈ ಮೇಲೆ ಕೂರುವಂಥದ್ದು, ಜಪಾನಿನವರ 'ಮಿನಿ ಯೋಂಕು' ಅನ್ನುವ ಆಟಿಕೆ ರೇಸ್ ಕಾರು. ತೂಕ 138 ಗ್ರಾಂ, ಹೆಚ್ಚುಕಮ್ಮಿ ಒಂದು ಈರುಳ್ಳಿಯಷ್ಟು. ಇಷ್ಟಕ್ಕೆ ನಾನೂ ಮಗಳೂ ಫೆಬ್ರವರಿಯಿಂದ ಜೂನ್‌ವರೆಗೆ ಒದ್ದಾಡಿದ್ದೇವೆ. ಐದು ತಿಂಗಳು ನಮ್ಮ ಮನೆಯ ಊಟದ ಮೇಜು ವರ್ಕ್‌ಶಾಪ್ ಆಗಿತ್ತು. ಸಾರಿನ ಪಾತ್ರೆ ಪಕ್ಕದಲ್ಲೇ ಗ್ರೀಸ್ ಡಬ್ಬಿ.

ಶುರು ಮಾಡುವಾಗ ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದೆ, ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಜಪಾನಿ ಬರಹಗಳನ್ನು ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದರೆ "ಮೂಗನ್ನು ಕತ್ತರಿಸಿ ಬಾಲವನ್ನು ಸಡಿಲಗೊಳಿಸಿ" ಅಂತ ಬರುತ್ತಿತ್ತು. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಯಾರಾದರೂ ಇದಕ್ಕೆ ಕೈ ಹಾಕಿದರೆ ನಾನು ಬಿದ್ದ ಗುಂಡಿಗೇ ಬೀಳದಿರಲಿ ಅಂತ.

ನಾವಿರುವುದು ಟೋಕಿಯೋದ ನಿಶಿಕಸಾಯಿಯಲ್ಲಿ. ಭಾರತದಿಂದ ಬಂದ ಸಾಫ್ಟ್‌ವೇರ್ ಜನ ಜಾಸ್ತಿ ಇರುವ ಏರಿಯಾ. ರಾಗಿಹಿಟ್ಟು ಬಿಟ್ಟು ಎಲ್ಲ ಸಿಗುತ್ತೆ, ಹುಡುಕಿದರೆ ಅದೂ ಸಿಗುತ್ತೆ. ಮಗಳು ಇಲ್ಲಿನ ಶಾಲೆಯಲ್ಲೇ ನಾಲ್ಕನೇ ಕ್ಲಾಸು. ಅವಳ ಜಪಾನಿ ನನಗಿಂತ ಹತ್ತು ಪಟ್ಟು ಚೆನ್ನಾಗಿದೆ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಫೆಬ್ರವರಿಯಲ್ಲಿ ಅವಳ ಗೆಳೆಯನೊಬ್ಬ 'ಮಿನಿ ಯೋಂಕು' ತಂದು ತೋರಿಸಿದ. ಇಂಗ್ಲಿಷಿನವರು ಮಿನಿ ಫೋರ್‌ವೀಲ್ ಡ್ರೈವ್ ಅನ್ನುತ್ತಾರೆ. ಶಿಜುವೊಕಾ ಊರಿನ ಟಾಮಿಯಾ ಕಂಪನಿ 1982ರಲ್ಲಿ ಶುರು ಮಾಡಿದ್ದು. ನಿಜವಾದ ಕಾರಿನ 32ನೇ ಒಂದು ಭಾಗದಷ್ಟು ಗಾತ್ರ. ಎರಡು ಪೆನ್ಸಿಲ್ ಸೆಲ್, ಒಂದು ಪುಟಾಣಿ ಮೋಟಾರು, ನಾಲ್ಕು ಚಕ್ರಕ್ಕೂ ಎಳೆತ. 1988ರಲ್ಲಿ ಶುರುವಾದ ಜಪಾನ್ ಕಪ್ ಅನ್ನುವ ದೇಶಮಟ್ಟದ ಪಂದ್ಯ ಬೇರೆ ಇದಕ್ಕಿದೆ. ಆಡುವವರಲ್ಲಿ ಮಕ್ಕಳಿಗಿಂತ ನನ್ನಂಥ ನಲವತ್ತು ದಾಟಿದವರೇ ಜಾಸ್ತಿ ಕಂಡರು.

ತಿಪಟೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರದು ಮೂವತ್ತು ವರ್ಷ ಸೈಕಲ್ ಶಾಪ್.

"ರಿಮೋಟು ಎಲ್ಲೋ?" ಅಂದರು.

"ರಿಮೋಟ್ ಇಲ್ಲಪ್ಪ. ಸ್ವಿಚ್ ಹಾಕಿ ಟ್ರ್ಯಾಕಲ್ಲಿ ಬಿಡೋದು ಅಷ್ಟೇ."

"ಮತ್ತೆ ತಿರುವಲ್ಲಿ ಹೆಂಗ್ ತಿರುಗುತ್ತೆ?"

ಒಳ್ಳೆ ಪ್ರಶ್ನೆ. ಉತ್ತರ: ಅದಾಗಿ ಅದು ತಿರುಗುವುದಿಲ್ಲ. ಟ್ರ್ಯಾಕಿನ ಒಂದೊಂದು ಲೇನ್ 115 ಮಿಲಿಮೀಟರ್ ಅಗಲ, ಎರಡೂ ಕಡೆ 50 ಮಿಲಿಮೀಟರ್ ಎತ್ತರದ ಗೋಡೆ. ಕಾರಿನ ನಾಲ್ಕು ಮೂಲೆಗೆ ಅಡ್ಡಡ್ಡ ತಿರುಗುವ ಪುಟ್ಟ ಚಕ್ರಗಳಿರುತ್ತವೆ, ರೋಲರ್ ಅಂತ. ಅವು ಗೋಡೆಗೆ ಒರಗಿಕೊಂಡು ಕಾರನ್ನು ತಿರುಗಿಸುತ್ತವೆ. ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ, ಬುಗುರಿ ಬಿಟ್ಟ ಹಾಗೆ. ಮಾಡುವುದೆಲ್ಲ ಬಿಡುವ ಮುಂಚೆಯೇ ಮಾಡಿರಬೇಕು. ಅದಕ್ಕೇ ಇದು ಚಾಸಿಸ್ ಆಟ, ಅಂದರೆ ಮೋಟಾರು, ಚಕ್ರ ಎಲ್ಲ ಕೂರುವ ಅಡಿಚೌಕಟ್ಟಿನ ಆಟ. ಮೇಲಿನ ಬಣ್ಣದ ಬಾಡಿ ನೋಡಲಿಕ್ಕೆ ಮಾತ್ರ.

ಮೊದಲ ಕಿಟ್ ತಂದು ಒಂದು ಗಂಟೆಯಲ್ಲಿ ಜೋಡಿಸಿದೆವು. ಅಂಗಡಿಯಲ್ಲಿ ಇದ್ದದ್ದರಲ್ಲೇ ವೇಗದ ಮೋಟಾರು ಹಾಕಿಸಿದೆ. ಹೈಪರ್‌ಡ್ಯಾಶ್ ಅಂತ, ನಿಮಿಷಕ್ಕೆ 17 ಸಾವಿರಕ್ಕೂ ಮೇಲೆ ಸುತ್ತುತ್ತೆ. ಮಗಳು ಲೆಕ್ಕ ಹಾಕಿದಳು: ಗೇರು 3.5ಕ್ಕೆ 1, ಚಕ್ರದ ಅಡ್ಡಳತೆ 24 ಮಿಲಿಮೀಟರ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. "ಅಪ್ಪ, ಇದನ್ನ 32ರಿಂದ ಗುಣಿಸಿದ್ರೆ 700 ಆಗುತ್ತೆ!" ಅಂತ ಕುಣಿದಳು. ಮನೆ ಹತ್ತಿರದ ಅಂಗಡಿಯ ಟ್ರ್ಯಾಕಿಗೆ ಹೋಗಿ ಬಿಟ್ಟೆವು. ಮೊದಲ ದಿಬ್ಬದಲ್ಲೇ ಕಾರು ಹಾರಿ, ಗೋಡೆ ದಾಟಿ, ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಒಬ್ಬರ ಕಾಫಿಗೆ ಬಿತ್ತು. ಟ್ರ್ಯಾಕ್ ಬಿಟ್ಟು ಹೊರಗೆ ಹಾರುವುದಕ್ಕೆ ಇಲ್ಲಿ 'ಕೋಸ್ ಔಟ್' ಅನ್ನುತ್ತಾರೆ. ಆ ದಿನ ಹನ್ನೊಂದು ಸಲ ಬಿಟ್ಟೆವು, ಹನ್ನೊಂದು ಸಲವೂ ಕೋಸ್ ಔಟ್.

ಆ ಕಾಫಿಯ ಮನುಷ್ಯರೇ ಆಮೇಲೆ ನಮ್ಮ ಗುರು ಆದರು. ಬಿಳಿ ಮೀಸೆ, ಅರವತ್ತೈದರ ಮೇಲಿನ ವಯಸ್ಸು. ಮಗಳು ಅವರನ್ನು 'ಒಜೀಸಾನ್' ಅಂತ ಕರೆಯುತ್ತಾಳೆ, ಅಂದರೆ ಅಜ್ಜ. ಕಾಫಿ ಒರೆಸಿಕೊಂಡು, ನಮ್ಮ ಕಾರನ್ನು ಎತ್ತಿ, ಒಂದು ಅಡಿ ಮೇಲಿಂದ ಮೇಜಿನ ಮೇಲೆ ಬೀಳಿಸಿದರು. ಟಕ್ಕನೆ ಪುಟಿದು ಪಲ್ಟಿ ಹೊಡೆಯಿತು. ಆಮೇಲೆ ತಮ್ಮ ಕಾರನ್ನು ಅಷ್ಟೇ ಎತ್ತರದಿಂದ ಬಿಟ್ಟರು. ಒದ್ದೆ ಬಟ್ಟೆ ಬಿದ್ದ ಹಾಗೆ ತಪ್ ಅಂತ ಬಿದ್ದು ಅಲ್ಲೇ ಕೂತಿತು. ಒಂದು ಮಾತೂ ಆಡಲಿಲ್ಲ. ನನಗೆ ಅರ್ಥವಾಯಿತು. ಓಡುವುದು ಯಾವ ಕಾರಾದರೂ ಓಡುತ್ತೆ. ಹಾರಿ ಬಿದ್ದ ಮೇಲೆ ಪುಟಿಯದೆ ಕೂರಬೇಕು.

ಅವರ ಕಾರಿನದು 'ಎಂಎಸ್' ಅನ್ನುವ ಚಾಸಿಸ್, ನಮ್ಮ ಕಿಟ್ಟಿನದೂ ಅದೇ. 2005ರಲ್ಲಿ ಬಂದದ್ದು. ಈ ಆಟದಲ್ಲಿ ಚಾಸಿಸ್‌ಗಳು ಬೇಕಾದಷ್ಟಿವೆ. ಮೋಟಾರು ಹಿಂದೆ ಇರುವಂಥವು, ಮುಂದೆ ಇರುವಂಥವು, ನಡುವೆ ಇರುವಂಥವು. ಹಿಂದೆಯೋ ಮುಂದೆಯೋ ಇದ್ದರೆ ಆ ಕಡೆಯಿಂದ ಈ ಕಡೆಗೆ ಎಳೆತ ಒಯ್ಯಲು ಉದ್ದದ ಒಂದು ಕಂಬಿ ಬೇಕು. ಎಂಎಸ್‌ನಲ್ಲಿ ಮೋಟಾರು ನಟ್ಟನಡುವೆ, ಅದರ ಎರಡೂ ತುದಿಯಿಂದ ಶಾಫ್ಟ್ ಹೊರಗೆ ಬಂದಿರುತ್ತೆ. ಒಂದು ತುದಿ ಮುಂದಿನ ಚಕ್ರಕ್ಕೆ, ಇನ್ನೊಂದು ಹಿಂದಿನದಕ್ಕೆ. ಸೆಲ್ಲುಗಳು ಮೋಟಾರಿನ ಅಕ್ಕಪಕ್ಕ. ತೂಕ ಎಲ್ಲ ನಡುವೆ, ತಳದಲ್ಲಿ. ಇನ್ನೊಂದು ವಿಷಯ, ಇದು ಮೂರು ತುಂಡಿನ ಚಾಸಿಸ್: ಮೂಗು, ನಡು, ಬಾಲ. ಫೋನ್ ಹೇಳಿದ "ಮೂಗು ಕತ್ತರಿಸಿ" ಇದೇ!

ಮೂಗು ಬಾಲಗಳನ್ನು ನಡುಭಾಗಕ್ಕೆ ಬಿಗಿಯಾಗಿ ಕೂರಿಸುವ ಬದಲು ಸ್ಪ್ರಿಂಗ್ ಮೇಲೆ ಸಡಿಲವಾಗಿ ಕೂರಿಸುವುದನ್ನು ಇಲ್ಲಿ 'ಫುರೆಕಿ' ಅನ್ನುತ್ತಾರೆ, ಫ್ಲೆಕ್ಸಿಬಲ್ ಅನ್ನುವುದರ ಮೊಟಕು. ಚಕ್ರಗಳು ಮೂಗು ಬಾಲದಲ್ಲಿವೆ. ಮೋಟಾರು ಸೆಲ್ಲು ನಡುವೆ ಇವೆ. ಕಾರು ನೆಲಕ್ಕೆ ಬಿದ್ದಾಗ ಚಕ್ರ ನಿಲ್ಲುತ್ತೆ, ಭಾರದ ನಡುಭಾಗ ಎರಡು ಮಿಲಿಮೀಟರ್ ಕೆಳಕ್ಕೆ ಕುಸಿದು ಪೆಟ್ಟನ್ನು ನುಂಗುತ್ತೆ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ, ಅಷ್ಟೇ. ಆದರೆ ಇದನ್ನು ಅಂಗಡಿಯಲ್ಲಿ ರೆಡಿಮೇಡ್ ಕೊಡುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಮಾರ್ಚ್ ಪೂರ್ತಿ ಇದರಲ್ಲೇ ಹೋಯಿತು.

ಮೂರೂ ತುಂಡು ಕಚ್ಚಿಕೊಳ್ಳುವ ಜಾಗದಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಅವನ್ನು ನಿಪ್ಪರ್‌ನಿಂದ ಕತ್ತರಿಸಬೇಕು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಲು ಹೋದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಬಿರುಕು ಬಿಡುತ್ತೆ. ನನ್ನ ಮೊದಲ ನಡುಭಾಗ ಹಾಗೇ ಹೋಯಿತು, ಇನ್ನೊಂದು ಕಿಟ್ ಕೊಳ್ಳಬೇಕಾಯಿತು. ಸ್ವಲ್ಪ ಮೇಲೆ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ. ಆಮೇಲೆ ಒಳಗೋಡೆಗಳನ್ನು ಸ್ಯಾಂಡ್ ಪೇಪರ್‌ನಿಂದ ತೀಡಬೇಕು. ಮೊದಲು 400 ನಂಬರಿನದು, ಆಮೇಲೆ 800, ಕೊನೆಗೆ 1500. ಎಷ್ಟು ತೀಡಬೇಕು ಅನ್ನುವುದೇ ಕಷ್ಟ. ಕಡಿಮೆಯಾದರೆ ಸಿಕ್ಕಿಹಾಕಿಕೊಳ್ಳುತ್ತೆ, ಹೆಚ್ಚಾದರೆ ಅಕ್ಕಪಕ್ಕ ಅಲುಗಾಡಿ ಕಾರು ಸೊಟ್ಟಗೆ ಓಡುತ್ತೆ. ಒಜೀಸಾನ್ ಹೇಳಿಕೊಟ್ಟ ಪರೀಕ್ಷೆ ಇದು: ನಡುಭಾಗವನ್ನು ಕೈಯಲ್ಲಿ ಹಿಡಿದು ಮೂಗನ್ನು ಮೇಲಕ್ಕೆ ತಳ್ಳಿ ಬಿಡಿ. ತನ್ನ ತೂಕಕ್ಕೆ ತಾನೇ ಜಾರಿ ಕೆಳಗೆ ಬರಬೇಕು. ಆದರೆ ಎಡಬಲ ಅಲ್ಲಾಡಿಸಿದರೆ ಸದ್ದು ಬರಬಾರದು. ನಾನು ದಿನಾ ರಾತ್ರಿ ಊಟ ಆದ ಮೇಲೆ ಹತ್ತು ಸಲ ತೀಡುವುದು, ಒರೆಸುವುದು, ಜಾರಿಸಿ ನೋಡುವುದು. ಹದಿನಾಲ್ಕನೇ ದಿನ ಮೂಗು ಸರಕ್ಕನೆ ಜಾರಿತು. ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಇದನ್ನ ಬೆಳಗ್ಗೆ ತೋರಿಸಿದ್ರೆ ಆಗ್ತಿರ್ಲಿಲ್ವಾ?" ಅಂತ ಮಗ್ಗುಲಾದಳು.

ತೂತು ಕೊರೆಯುವುದು ಮುಂದಿನ ಹಂತ. ಮೂಗಿಗೆ ಎರಡು, ಬಾಲಕ್ಕೆ ಎರಡು, ಒಟ್ಟು ನಾಲ್ಕು ತೂತು. ಅವುಗಳಲ್ಲಿ 2 ಮಿಲಿಮೀಟರ್ ದಪ್ಪದ ಉದ್ದ ಸ್ಕ್ರೂ ನಿಂತು, ಅದರ ಮೇಲೆ ಸ್ಪ್ರಿಂಗ್ ಕೂರುತ್ತೆ. ತೂತು ಒಂಚೂರು ವಾಲಿದರೂ ಮೂಗು ಜಾರುವಾಗ ಹಿಡಿದುಕೊಳ್ಳುತ್ತೆ. ನಾನು ಬುದ್ಧಿವಂತ ಅಂದುಕೊಂಡು ಕರೆಂಟಿನ ಡ್ರಿಲ್ ತಂದೆ. ಎರಡನೇ ರಾತ್ರಿಗೇ ಅಂಚೆ ಡಬ್ಬಿಯಲ್ಲಿ ಅಪಾರ್ಟ್‌ಮೆಂಟ್ ಆಫೀಸಿನ ಚೀಟಿ: ರಾತ್ರಿ ಹೊತ್ತು ಯಂತ್ರದ ಸದ್ದು ಬರುತ್ತಿದೆ ಅಂತ ದೂರು ಬಂದಿದೆ, ದಯವಿಟ್ಟು ಸಹಕರಿಸಿ. ಯಾರ ಮನೆ ಅಂತ ಚೀಟಿಯಲ್ಲಿ ಹೆಸರಿಲ್ಲ, ಆದರೆ ಕಟ್ಟಡದವರಿಗೆಲ್ಲ ಗೊತ್ತು. ಮಾರನೇ ದಿನ ಲಿಫ್ಟಿನಲ್ಲಿ ನಾನು ನೆಲವನ್ನೇ ನೋಡುತ್ತಾ ನಿಂತಿದ್ದೆ. ಡ್ರಿಲ್ ವಾಪಸ್ ಡಬ್ಬಿಗೆ ಹೋಯಿತು. ಬೆರಳಲ್ಲಿ ತಿರುಗಿಸುವ ಕೈ ಡ್ರಿಲ್ ತಂದೆ. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಮೊದಲು 1 ಮಿಲಿಮೀಟರ್ ತೂತು, ಆಮೇಲೆ 1.5, ಆಮೇಲೆ 2. ಸೀದಾ 2ಕ್ಕೆ ಹೋಗಬೇಡಿ.

ಗಟ್ಟಿ ಬಂಪರ್‌ಗಾಗಿ ಕಾರ್ಬನ್ ಪಟ್ಟಿ ಹಾಕುವವರಿಗೆ ಒಂದು ಮಾತು. ಅದನ್ನು ಒಣದಾಗಿ ಉಜ್ಜಬೇಡಿ. ಕಪ್ಪು ಧೂಳು ಮೂಗಿಗೆ, ಚರ್ಮಕ್ಕೆ ಹೋದರೆ ಚುಚ್ಚುತ್ತೆ. ಮಾಸ್ಕ್ ಹಾಕಿ, ನೀರಲ್ಲಿ ಅದ್ದಿ ಉಜ್ಜಿ, ಅಂಚಿಗೆ ಫೆವಿಕ್ವಿಕ್ ಥರದ ಅಂಟು ಸವರಿ. ಇಲ್ಲದಿದ್ದರೆ ಗೋಡೆಗೆ ಬಡಿದಾಗಲೆಲ್ಲ ಎಳೆ ಎಳೆ ಬಿಚ್ಚಿಕೊಳ್ಳುತ್ತೆ. ಮಗಳನ್ನು ಈ ಕೆಲಸದಿಂದ ದೂರ ಇಟ್ಟಿದ್ದೆ. ಅವಳಿಗೆ ರೋಲರ್ ಖಾತೆ ಕೊಟ್ಟಿದ್ದೆ: ಮುಂದಿನ ರೋಲರ್‌ಗಳು ಒಂದೆರಡು ಡಿಗ್ರಿ ಮುಂದಕ್ಕೆ ಬಾಗಿರಬೇಕು. ಆಗ ತಿರುವಲ್ಲಿ ಗೋಡೆ ಕಾರನ್ನು ಕೆಳಕ್ಕೆ ಒತ್ತುತ್ತೆ. ಜಾಸ್ತಿ ಬಾಗಿಸಿದರೆ ಬ್ರೇಕ್ ಹಿಡಿದ ಹಾಗೆ ನಿಧಾನ, ಉಲ್ಟಾ ಬಾಗಿದ್ದರೆ ಗೋಡೆ ಹತ್ತಿ ಹೊರಗೆ.

ಅಪ್ಪನಿಂದ ಬಂದ ಸಲಹೆ ಒಂದೇ, ಆದರೆ ಬಂಗಾರದಂಥದ್ದು. ಕಾರು ನೇರ ಹಾದಿಯಲ್ಲೂ ನಡುಗುತ್ತಿತ್ತು. ವಿಡಿಯೋ ನೋಡಿ ಅವರು ಅಂದರು: "ಆಕ್ಸಲ್ ಬೆಂಡ್ ಇರ್ಬೇಕು ಕಣೋ. ಗಾಜಿನ ಮೇಲೆ ಉರುಳ್ಸಿ ನೋಡು." ಫೋಟೋ ಫ್ರೇಮಿನ ಗಾಜು ತೆಗೆದು ಅದರ ಮೇಲೆ ಆಕ್ಸಲ್ ಉರುಳಿಸಿದೆ. ಟಕ ಟಕ ಟಕ ಅಂತ ಕುಂಟುತ್ತಾ ಹೋಯಿತು. ಹೊಸ ಆಕ್ಸಲ್ ಆರರಲ್ಲಿ ಎರಡು ಮಾತ್ರ ಸದ್ದಿಲ್ಲದೆ ಉರುಳಿದವು. ಅವನ್ನೇ ಹಾಕಿದೆವು, ನಡುಕ ಹೋಯಿತು.

ಈಗ ಸ್ಪ್ರಿಂಗ್ ಕಥೆ. ಮೊದಲು ಹಾಕಿದ ಸ್ಪ್ರಿಂಗ್ ತೀರಾ ಮೆದು, ಕಾರು ತೂಗುಮಂಚದ ಥರ ಓಲಾಡುತ್ತಿತ್ತು. ಒಂದು ದಿನ ಆಫೀಸಿನ ಮೀಟಿಂಗಿನಲ್ಲಿ ಪೆನ್ನು ಟಿಕ್ ಟಿಕ್ ಮಾಡುತ್ತಾ ಕೂತಿದ್ದೆ. ಹೊಳೆಯಿತು. ಅವತ್ತು ಸಂಜೆ ನಾಲ್ಕು ಪೆನ್ನು ಬಿಚ್ಚಿ, ಸ್ಪ್ರಿಂಗುಗಳನ್ನು ಒಂದೇ ಅಳತೆಗೆ ಕತ್ತರಿಸಿ ಹಾಕಿದೆ. ಮೇಜಿನ ಮೇಲೆ ಬೀಳಿಸಿದೆ. ತಪ್! ಒಜೀಸಾನ್ ಕಾರು ಬಿದ್ದ ಹಾಗೇ. ಅಂಗಡಿಯ ಟ್ರ್ಯಾಕಿನಲ್ಲಿ ಬಿಟ್ಟರೆ ದಿಬ್ಬ ಹಾರಿ ಬಿದ್ದು ಸುಮ್ನೆ ಓಡಿತು. ಇಪ್ಪತ್ತು ಸಲದಲ್ಲಿ ಹದಿನೇಳು ಸಲ ಪೂರ್ತಿ ಸುತ್ತು. ನಾನು ಆಕಾಶದಲ್ಲಿದ್ದೆ. ಒಜೀಸಾನ್ ಆ ದಿನ ಬಂದಿರಲಿಲ್ಲ. ಬಂದಿದ್ದರೆ ಈ ಬರಹ ಅರ್ಧಕ್ಕೆ ಮುಗಿಯುತ್ತಿತ್ತು.

ಏಪ್ರಿಲ್ ಕೊನೆಗೆ, ರೈಲಿನಲ್ಲಿ ಒಂದು ಗಂಟೆ ದೂರದ ಇನ್ನೊಂದು ಅಂಗಡಿಯಲ್ಲಿ ರೇಸ್ ಇದೆ ಅಂತ ಗೊತ್ತಾಯಿತು. ಟಾಮಿಯಾದ ಅಧಿಕೃತ ನಿಯಮಗಳೇ ಅಲ್ಲೂ. ಜಾಗ ಕಡಿಮೆ, ಹಾಗಾಗಿ ಆನ್‌ಲೈನ್ ಅರ್ಜಿ, ಆಮೇಲೆ ಲಾಟರಿ. ಅರ್ಜಿ ತುಂಬುವುದೇ ಒಂದು ರಾಮಾಯಣ. ಮನೆತನದ ಹೆಸರು ಒಂದು ಕಡೆ, ಸ್ವಂತ ಹೆಸರು ಒಂದು ಕಡೆ, ಎರಡೂ ಕಟಕಾನ ಲಿಪಿಯಲ್ಲಿ. ನಮಗೆಲ್ಲಿ ಬಂತು ಮನೆತನದ ಹೆಸರು? ನನಗಿರುವುದು ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಇನಿಷಿಯಲ್ ಹಾಕಿದರೆ ಫಾರಂ ಕೆಂಪಾಗುತ್ತೆ. ಅಪ್ಪನ ಹೆಸರು ಪೂರ್ತಿ ಬರೆದರೆ ಅಕ್ಷರ ಜಾಸ್ತಿಯಾಯಿತು ಅನ್ನುತ್ತೆ. ಕೊನೆಗೆ ಮಗಳ ಹೆಸರಲ್ಲೇ ಮಕ್ಕಳ ವಿಭಾಗಕ್ಕೆ ಅರ್ಜಿ ಹಾಕಿ, ನನ್ನನ್ನು ಜೊತೆಗಿರುವ ಪೋಷಕ ಅಂತ ತೋರಿಸಿದೆ. ಅವಳ ಹೆಸರು ಚಿಕ್ಕದು, ಶಾಲೆಯಲ್ಲಿ ಕಟಕಾನದಲ್ಲಿ ಹೇಗೆ ಬರೆಯುತ್ತಾರೋ ಹಾಗೇ ಬರೆದೆವು. ನೀವು ಅರ್ಜಿ ಹಾಕುವುದಾದರೆ ಬ್ಯಾಂಕು, ಶಾಲೆ ಎಲ್ಲ ಕಡೆ ಒಂದೇ ಕಟಕಾನ ಇಟ್ಟುಕೊಳ್ಳಿ. ಬಾಗಿಲಲ್ಲಿ ಹೆಸರು ತಾಳೆ ನೋಡುತ್ತಾರೆ.

ಅರ್ಜಿ ಹಾಕಿ ನಾಲ್ಕು ವಾರ ಏನೂ ಸುದ್ದಿಯಿಲ್ಲ. ಸಿಗಲಿಲ್ಲ ಅಂತ ಬಿಟ್ಟುಬಿಟ್ಟಿದ್ದೆ. ಜೂನ್ ಮೊದಲ ವಾರ ಬೇರೇನೋ ಹುಡುಕುತ್ತಾ ಸ್ಪ್ಯಾಮ್ ಫೋಲ್ಡರ್ ತೆಗೆದರೆ ಅಲ್ಲಿ ಕೂತಿದೆ: ಆಯ್ಕೆಯಾಗಿದ್ದೀರಿ, ಮೂರು ದಿನದಲ್ಲಿ ಒಪ್ಪಿಗೆ ತಿಳಿಸದಿದ್ದರೆ ಜಾಗ ಬೇರೆಯವರಿಗೆ. ಬಂದು ಎರಡು ದಿನ ಆಗಿತ್ತು. ಎದೆ ಧಸಕ್ಕೆಂದಿತು. ಸ್ಪ್ಯಾಮ್ ನೋಡ್ತಾ ಇರಿ.

ನಿಯಮಗಳನ್ನು ನಾನು ಓದಿರಲಿಲ್ಲ ಅಂತಲ್ಲ. ಅಂಕಿಗಳೆಲ್ಲ ಬಾಯಿಪಾಠ ಆಗಿದ್ದವು. ಅಗಲ 105 ಮಿಲಿಮೀಟರ್ ದಾಟಬಾರದು, ಉದ್ದ 165, ಎತ್ತರ 70. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಕನಿಷ್ಠ 1 ಮಿಲಿಮೀಟರ್ ಸಂದು ಇರಬೇಕು. ತೂಕ ಕನಿಷ್ಠ 90 ಗ್ರಾಂ. ಚಕ್ರದ ಅಡ್ಡಳತೆ 22ರಿಂದ 35ರೊಳಗೆ. ರೋಲರ್ ಆರಕ್ಕಿಂತ ಜಾಸ್ತಿ ಬೇಡ. ಎಲ್ಲ ವರ್ನಿಯರ್ ಹಿಡಿದು ಅಳೆದಿದ್ದೆ. ಅಗಲ 104.6. ಅಂಕಿಯಿಲ್ಲದ ಸಾಲುಗಳನ್ನು ಮಾತ್ರ ಅನುವಾದದಲ್ಲಿ ಸರಸರ ಓದಿ ಬಿಟ್ಟಿದ್ದೆ.

ರೇಸಿನ ದಿನ ಬೆಳಗ್ಗೆ ಏಳಕ್ಕೆ ಹೊರಟೆವು. ಮಳೆ. ಮಗಳ ಬ್ಯಾಗಿನಲ್ಲಿ ಕಾರು, ನನ್ನ ಬ್ಯಾಗಿನಲ್ಲಿ ಟೂಲ್ಸು, ಡಬ್ಬಿಯಲ್ಲಿ ಪುಳಿಯೋಗರೆ. ಅಂಗಡಿ ಮುಂದೆ ಆಗಲೇ ಐವತ್ತು ಜನ. ಎಲ್ಲರ ಕೈಯಲ್ಲೂ ಮಡಚುವ ಸ್ಟೂಲು, ಟೂಲ್ಸ್ ಪೆಟ್ಟಿಗೆ. ನಾವು ನೆಲದ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ ಕೂತೆವು. ಸ್ಟೂಲು ಒಯ್ಯಿರಿ. ಇದು ಚಿಕ್ಕ ವಿಷಯ ಅಲ್ಲ, ಒಟ್ಟು ಆರು ಗಂಟೆ ಕಾಯಬೇಕಾಯಿತು.

ತಪಾಸಣೆಗೆ ಇಲ್ಲಿ 'ಶಾಕೆನ್' ಅನ್ನುತ್ತಾರೆ. ದೊಡ್ಡ ಕಾರುಗಳಿಗೆ ಸರ್ಕಾರ ಮಾಡುವ ಫಿಟ್‌ನೆಸ್ ತಪಾಸಣೆಗೂ ಇದೇ ಹೆಸರು. ಮೇಜಿನ ಹಿಂದೆ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡು ಇರಬೇಕು. ಬಿಳಿ ಕೈಗವಸು. ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಹುಟ್ಟಿದ ಮಗುವನ್ನು ಎತ್ತಿದ ಹಾಗೆ. ಅಳತೆಯ ಡಬ್ಬಿಯೊಳಗೆ ಇಳಿಸಿದ. ಅಗಲ ಸರಿ. ಉದ್ದ ಸರಿ. ಎತ್ತರ ಸರಿ. ಹೊಟ್ಟೆಯ ಕೆಳಗೆ 1 ಮಿಲಿಮೀಟರ್ ದಪ್ಪದ ಪಟ್ಟಿ ತೂರಿಸಿದ, ಸಲೀಸಾಗಿ ಹೋಯಿತು. ಬಾಡಿ ತೆಗೆಸಿದ. ಮೋಟಾರು, ಸೆಲ್ಲು ನೋಡಿದ. ಆಮೇಲೆ ಮೂಗನ್ನು ಬೆರಳಿಂದ ಒತ್ತಿ ಬಿಟ್ಟ. ಇನ್ನೊಮ್ಮೆ ಒತ್ತಿದ. ಟಾರ್ಚ್ ಹಾಕಿ ನೋಡಿದ.

ಈ ಸ್ಪ್ರಿಂಗ್ ಯಾವುದು ಅಂತ ಕೇಳಿದ. ಮಗಳು ನನ್ನ ಮುಖ ನೋಡಿದಳು. ನಾನು ಹೆಮ್ಮೆಯಿಂದಲೇ ನನ್ನ ಹರುಕುಮುರುಕು ಜಪಾನಿಯಲ್ಲಿ "ಬಾಲ್‌ಪೆನ್" ಅಂದೆ, ಟಿಕ್ ಟಿಕ್ ಅಂತ ಬೆರಳಾಡಿಸಿ ತೋರಿಸಿದೆ.

ಹುಡುಗ ತಲೆ ತಗ್ಗಿಸಿ ಏನೋ ಉದ್ದಕ್ಕೆ ಹೇಳಿದ. ಮಗಳು ಕನ್ನಡದಲ್ಲಿ ಮೂರೇ ಪದಕ್ಕೆ ಇಳಿಸಿದಳು: "ಅಪ್ಪ, ಫೇಲ್ ಅಂತೆ."

ಆ ಓದದೇ ಬಿಟ್ಟ ಸಾಲು ಅದೇ. ಹಾಕುವ ಪ್ರತಿಯೊಂದು ಭಾಗವೂ ಟಾಮಿಯಾದ ಮಿನಿ ಫೋರ್‌ವೀಲ್ ಭಾಗವೇ ಆಗಿರಬೇಕು. ಕತ್ತರಿಸಿಕೊಳ್ಳಿ, ಉಜ್ಜಿಕೊಳ್ಳಿ, ತೂತು ಹಾಕಿಕೊಳ್ಳಿ. ಹೊರಗಿನ ವಸ್ತು ಮಾತ್ರ ಬೇಡ. ತಿಂಗಳುಗಟ್ಟಲೆ ತೀಡಿದ್ದಕ್ಕೆ ಆಕ್ಷೇಪವಿಲ್ಲ, ನಾಲ್ಕು ಪೈಸೆಯ ಪೆನ್ನಿನ ಸ್ಪ್ರಿಂಗಿಗೆ ಆಕ್ಷೇಪ. ಸಿಟ್ಟು ಬಂತು. ಆದರೆ ಯಾರ ಮೇಲೆ ಅಂತ ಬರಬೇಕು? ಹುಡುಗ ನನಗಿಂತ ಬೇಜಾರಾದವನ ಹಾಗೆ ನಿಂತಿದ್ದ. ಮುಕ್ಕಾಲು ಗಂಟೆಯೊಳಗೆ ಸರಿಮಾಡಿಕೊಂಡು ಬಂದರೆ ಮತ್ತೆ ನೋಡುತ್ತೇನೆ ಅಂದ.

ಬೇಕಾದದ್ದು ಸ್ಲೈಡ್ ಡ್ಯಾಂಪರ್ ಸ್ಪ್ರಿಂಗು. ಟಾಮಿಯಾದ್ದೇ, ಬೇರೆ ಭಾಗಕ್ಕೆ ಅಂತ ಮಾರುವುದು, ಫುರೆಕಿ ಮಾಡುವವರು ತುಂಬ ಜನ ಇದನ್ನೇ ಹಾಕುತ್ತಾರೆ. ಅಂಗಡಿಯೊಳಗೆ ಓಡಿದೆ. ಅದನ್ನು ನೇತುಹಾಕುವ ಕೊಕ್ಕೆ ಖಾಲಿ. ರೇಸಿನ ದಿನ ಎಲ್ಲರೂ ಕೊಂಡುಬಿಟ್ಟಿರುತ್ತಾರೆ. ವಾಪಸ್ ಬಂದು ನೋಡಿದರೆ ಮಗಳು ಕಾಣಿಸುತ್ತಿಲ್ಲ. ಒಂದು ನಿಮಿಷ ಜೀವ ಹೋದ ಹಾಗಾಯಿತು. ಅವಳು ಅಲ್ಲೇ ಸಾಲಿನಲ್ಲಿ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ, ಬಗ್ಗಿ ನಮಸ್ಕಾರ ಮಾಡಿ, ಸ್ಪ್ರಿಂಗ್ ಇದೆಯಾ ಅಂತ ಕೇಳುತ್ತಾ ಹೋಗಿದ್ದಳು. ಆರನೆಯವರು ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಆಡಿಸಿದರು. ಪುಳಿಯೋಗರೆ ಕೊಟ್ಟೆವು, ತಗೊಂಡರು.

ಸ್ಪ್ರಿಂಗ್ ಬದಲಾಯಿಸಲು ಹದಿನೆಂಟು ನಿಮಿಷ. ಕೈ ನಡುಗುತ್ತಾ ಇತ್ತು. ಒಂದು ಸ್ಪ್ರಿಂಗು ಜಿಗಿದು ಪಕ್ಕದವರ ಟೂಲ್ಸ್ ಪೆಟ್ಟಿಗೆಯೊಳಗೆ ಹೋಯಿತು, ಅವರೂ ಹುಡುಕಿಕೊಟ್ಟರು. ಮತ್ತೆ ಮೇಜಿನ ಮುಂದೆ. ಡಬ್ಬಿ ಸರಿ. ಪಟ್ಟಿ ತೂರಿಸಿದ. ಹೋಗಲಿಲ್ಲ!

ಹೊಸ ಸ್ಪ್ರಿಂಗು ಪೆನ್ನಿನದಕ್ಕಿಂತ ಮೆದು. ಮೋಟಾರು ಸೆಲ್ಲಿನ ಭಾರಕ್ಕೆ ನಡುಭಾಗ ನಿಂತಲ್ಲೇ ಕುಸಿದು ಹೊಟ್ಟೆ ನೆಲಕ್ಕೆ ಇಳಿದಿತ್ತು. ಕಾಗದದಷ್ಟು ಅಂತರ, 1 ಮಿಲಿಮೀಟರಿಗೆ ಕಾಲು ಭಾಗ ಕಮ್ಮಿ ಇರಬಹುದು. ನಾನು ಚಿಕ್ಕ ಚಕ್ರ ಹಾಕಿದ್ದು ಬೇರೆ ಇಲ್ಲಿ ಹೊಡೆಯಿತು. ಉಳಿದದ್ದು ಇಪ್ಪತ್ತು ನಿಮಿಷ.

ಅಪ್ಪನ ಅಂಗಡಿ ನೆನಪಾಯಿತು. ಸೈಕಲ್ ಸೀಟಿನ ಸ್ಪ್ರಿಂಗು ಸತ್ತಿದ್ದರೆ ಅಪ್ಪ ಹೊಸದು ಹಾಕುತ್ತಿರಲಿಲ್ಲ, ಕೆಳಗೆ ಎರಡು ವಾಷರ್ ತುರುಕುತ್ತಿದ್ದರು. ಸ್ಪ್ರಿಂಗು ಮೊದಲೇ ಸ್ವಲ್ಪ ಒತ್ತಿಕೊಂಡು ಕೂತರೆ ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ. ನಮ್ಮ ಡಬ್ಬಿಯಲ್ಲಿ ಟಾಮಿಯಾದ್ದೇ ಸಣ್ಣ ವಾಷರ್‌ಗಳಿದ್ದವು, ರೋಲರ್‌ಗೆ ಅಂತ ತಂದದ್ದು. ಒಂದೊಂದು ಸ್ಪ್ರಿಂಗಿಗೆ ಎರಡೆರಡರಂತೆ ಎಂಟು ವಾಷರ್. ಮಗಳು ಚಿಮುಟದಲ್ಲಿ ಒಂದೊಂದೇ ಎತ್ತಿ ಕೊಟ್ಟಳು, ನಾನು ಸ್ಕ್ರೂ ಬಿಗಿದೆ. ಮೂರನೇ ಸಲ ಮೇಜಿನ ಮುಂದೆ ಹೋದಾಗ ಸಮಯ ನಾಲ್ಕು ನಿಮಿಷ ಬಾಕಿ. ಪಟ್ಟಿ ತೂರಿಸಿದ. ಒಂಚೂರು ಒರೆಸಿಕೊಂಡು ಹೋಯಿತು, ಆದರೆ ಹೋಯಿತು. ಹುಡುಗ ನಕ್ಕು ಹಸಿರು ಸ್ಟಿಕ್ಕರ್ ಅಂಟಿಸಿದ. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಗಂಟಲು ಕಟ್ಟಿದ ಹಾಗಾಯಿತು, ಸುಳ್ಳೇಕೆ ಹೇಳಲಿ.

ರೇಸ್ ಬಗ್ಗೆ ಹೇಳುವುದು ಕಡಿಮೆ ಇದೆ. ಮೂರು ಲೇನು, ಮೂರು ಕಾರು, ಮೂರು ಸುತ್ತು. ಪ್ರತಿ ಸುತ್ತಿಗೂ ಸೇತುವೆಯಿರುವ ಒಂದು ಜಾಗದಲ್ಲಿ ಕಾರು ಬೇರೆ ಲೇನಿಗೆ ಬದಲಾಗುತ್ತೆ, ಹಾಗಾಗಿ ಕೊನೆಗೆ ಮೂವರಿಗೂ ಒಂದೇ ದೂರ. ಮೊದಲ ಆಟದಲ್ಲಿ ನಮ್ಮದು ನಿಧಾನದ ಕಾರು. ಮಗಳು ಹಟ ಮಾಡಿ ಹೈಪರ್‌ಡ್ಯಾಶ್ ತೆಗೆಸಿ ನಿಧಾನದ ಮೋಟಾರು ಹಾಕಿಸಿದ್ದಳು. ದೊಡ್ಡ ದಿಬ್ಬದಲ್ಲಿ ಉಳಿದೆರಡೂ ಕಾರು ಹಾರಿ ಹೊರಗೆ ಬಿದ್ದವು. ನಮ್ಮದು ಹಾರಿತು, ತಪ್ ಅಂತ ಬಿತ್ತು, ಏನೂ ಆಗದವರ ಹಾಗೆ ಹೋಯಿತು. ಮೂರು ಸುತ್ತು ಒಂಟಿಯಾಗಿ ಓಡಿ ಗೆದ್ದಿತು. ಎರಡನೇ ಆಟದಲ್ಲಿ ಎರಡನೇ ಸುತ್ತಿನ ಸೇತುವೆಯಲ್ಲಿ ಗೋಡೆ ಹತ್ತಿ ಹೊರಗೆ. ನೋಡಿದರೆ ಮುಂದಿನ ಎಡ ರೋಲರಿನ ಸ್ಕ್ರೂ ಸಡಿಲ. ಸ್ಪ್ರಿಂಗಿನ ಗಡಿಬಿಡಿಯಲ್ಲಿ ಅದನ್ನು ಬಿಗಿಯುವುದು ಮರೆತಿದ್ದೆ. ರೋಲರ್ ಖಾತೆಯ ಮಂತ್ರಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಖರ್ಚು ಕೇಳುವವರಿಗೆ. ಎರಡು ಕಿಟ್ಟು 2,600 ಯೆನ್, ಮೋಟಾರುಗಳು 1,200, ಕಾರ್ಬನ್ ಪಟ್ಟಿ ಮೂರು 4,200, ರೋಲರ್ 2,400, ಚಾರ್ಜರ್ ಮತ್ತು ಸೆಲ್ಲು 4,000, ಟೂಲ್ಸ್ 5,000. ಟ್ರ್ಯಾಕ್ ಬಾಡಿಗೆ ದಿನಕ್ಕೆ 500ರಂತೆ ಒಂಬತ್ತು ದಿನ. ಆಕ್ಸಲ್ಲು, ವಾಷರ್ರು, ರೈಲು ಚಾರ್ಜು ಸೇರಿಸಿ 26 ಸಾವಿರ ಯೆನ್ ದಾಟಿತು. ಉಪಯೋಗಕ್ಕೆ ಬಾರದ ಡ್ರಿಲ್ ಇದರಲ್ಲಿ ಸೇರಿಲ್ಲ, ಅದರ ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ. ಬರೀ ಒಂದು ಕಿಟ್ಟು ತಂದು ಆಡುವುದಾದರೆ ಎರಡು ಸಾವಿರದೊಳಗೆ ಮುಗಿಯುತ್ತೆ, ಮೊದಲು ಅಷ್ಟೇ ಮಾಡಿ.

ಮುಂದಿನ ಲಾಟರಿ ಆಗಸ್ಟ್‌ನಲ್ಲಿ. ಈ ಸಲ ನಿಯಮದ ಹಾಳೆಯನ್ನು ಮಗಳ ಕೈಲಿ ಒಂದೊಂದೇ ಸಾಲು ಓದಿಸಿ ಕೇಳಿಸಿಕೊಂಡಿದ್ದೇನೆ. ಸ್ಲೈಡ್ ಡ್ಯಾಂಪರ್ ಸ್ಪ್ರಿಂಗ್ ಎರಡು ಪ್ಯಾಕೆಟ್ ತಂದಿಟ್ಟಿದ್ದೇನೆ, ಒಂದು ನಮಗೆ, ಒಂದು ಸಾಲಿನಲ್ಲಿ ಯಾರಾದರೂ ಕೇಳಿದರೆ ಕೊಡಲಿಕ್ಕೆ. ಪೆನ್ನುಗಳಿಗೆ ಕತ್ತರಿಸಿದ ಸ್ಪ್ರಿಂಗುಗಳನ್ನೇ ವಾಪಸ್ ಹಾಕಿ ಆಫೀಸಿನ ಡಬ್ಬಿಯಲ್ಲಿಟ್ಟಿದ್ದೇನೆ. ಒತ್ತಿದರೆ ನಿಬ್ಬು ಹೊರಗೆ ಬರುತ್ತೆ, ಒಳಗೆ ಮಾತ್ರ ಹೋಗುವುದಿಲ್ಲ.